ಏರುವ ಮುನ್ನ ಮಾಡಬೇಕಾದ ನಿರ್ಧಾರ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಬಾಳುವ ನಮಗೆ ಬೆಟ್ಟ ಹತ್ತುವುದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಗಜೇಂದ್ರಗಡದ ಗುಡ್ಡವನ್ನೇರಿದರೆ ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದು. ಹಿಮಾಲಯವನ್ನೇರುವವರ ಮಾತು ಬೇರೆ. ಎವರೆಸ್ಟಿಗೆ ಹೊರಡುವ ಅನೇಕ ತಂಡಗಳು ಮೊದಲು ಕಠ್ಮಂಡು ನಗರದಲ್ಲಿ ಸೇರುತ್ತವೆ. ಅಲ್ಲಿಯ ಥಮೇಲ್ ಪೇಟೆಯಲ್ಲಿ ಹಗ್ಗ, ಬೂಟು, ಕೈಗವಸುಗಳ ಕೊನೆಯ ಖರೀದಿ ನಡೆಯುತ್ತದೆ. ಆಮ್ಲಜನಕದ ಸಿಲಿಂಡರುಗಳನ್ನು ಎಣಿಸಿ ನೋಡುತ್ತಾರೆ.

ಆದರೆ ಯಾವ ಅಂಗಡಿಯಲ್ಲಿಯೂ ದೊರೆಯದ ಸಿದ್ಧತೆಯೊಂದಿದೆ. 8,000 ಮೀಟರಿಗಿಂತ ಮೇಲೆ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿರುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಅಲ್ಲಿ ಕಾಲಿನೊಡನೆ ವಿವೇಚನೆಯೂ ಸೋಲುತ್ತದೆ. ಆದುದರಿಂದಲೇ ಅನುಭವಿಗಳು, ಇಂತಿಷ್ಟು ಗಂಟೆಯೊಳಗೆ ಶಿಖರ ಮುಟ್ಟದಿದ್ದರೆ ಅದು ಕಣ್ಣೆದುರಿಗಿದ್ದರೂ ಹಿಂದಿರುಗತಕ್ಕದ್ದೆಂದು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. 1996ರ ಮೇ 10ರಂದು ದಕ್ಷಿಣದ ಕಡೆಯಿಂದ ಏರಿದವರಲ್ಲಿ ಹಲವರು ಈ ಗಡುವನ್ನು ಮೀರಿದರು. ಆ ದಿನ ಮತ್ತು ಮರುದಿನದ ಬಿರುಗಾಳಿಯಲ್ಲಿ ಪರ್ವತದ ಎರಡೂ ಕಡೆ ಸೇರಿ 8 ಮಂದಿ ಅಸುನೀಗಿದರು.

ಗಡುವಿಗಿಂತಲೂ ಕಠಿಣವಾದ ಪ್ರಶ್ನೆ ಇನ್ನೊಂದಿದೆ: ದಾರಿಯಲ್ಲಿ ಬಿದ್ದವನನ್ನು ಏನು ಮಾಡುವುದು? 2006ರ ಮೇ ತಿಂಗಳಲ್ಲಿ ಡೇವಿಡ್ ಶಾರ್ಪ್ ಎಂಬ ಆರೋಹಿ ಶಿಖರದ ಕೆಳಗೆ ಸಾಯುತ್ತ ಕುಳಿತಿದ್ದಾಗ ಸುಮಾರು 40 ಮಂದಿ ಅವನನ್ನು ಹಾದುಹೋದರೆಂದು ವರದಿಯಾಯಿತು. ಕೆಲವರು ಅವನನ್ನು ಗಮನಿಸಿರಲಿಲ್ಲ, ಕೆಲವರು ಸತ್ತನೆಂದೇ ಭಾವಿಸಿದ್ದರು, ಕೆಲವರು ನೆರವಾಗಲು ಯತ್ನಿಸಿ ಸೋತರು. ಕೆಳಗೆ ಸುಖವಾಗಿ ಕುಳಿತ ನಾವು ಅವರಿಗೆ ತೀರ್ಪು ಕೊಡುವುದು ಸಲ್ಲದು. ಅದೇ ತಿಂಗಳ 26ರಂದು ಡ್ಯಾನ್ ಮಜೂರ್ ಮತ್ತು ಸಂಗಡಿಗರು, ಸತ್ತನೆಂದು ಬಿಟ್ಟುಬಂದಿದ್ದ ಲಿಂಕನ್ ಹಾಲ್ ಜೀವಂತವಾಗಿರುವುದನ್ನು ಕಂಡರು. ಶಿಖರದ ಆಸೆಯನ್ನು ತೊರೆದು ಅವನ ಬಳಿ ನಿಂತರು. ಅವನು ಬದುಕಿದನು.

ನಮ್ಮ ನೆರೆಯ ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿರಲಾರಿರಿ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದಲ್ಲಿ 10 ಮಂದಿ ಯೋಧರು ಹಿಮದಡಿ ಹೂತುಹೋದರು. ಬದುಕಿರುವ ಭರವಸೆ ಕಾಣದಿದ್ದರೂ ಸಂಗಡಿಗರು ಅಗೆಯುವುದನ್ನು ನಿಲ್ಲಿಸಲಿಲ್ಲ. 8ರಂದು ಹನುಮಂತಪ್ಪ ಜೀವಂತವಾಗಿ ದೊರೆತರು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆ ಶ್ರಮ ವ್ಯರ್ಥವಾಯಿತೆಂದು ಯಾರು ತಾನೇ ಹೇಳಿಯಾರು? ಜೊತೆಯವನನ್ನು ಬಿಟ್ಟುಬರಬಾರದೆಂಬ ಪಾಠವನ್ನು ಸೈನಿಕನು ಆ ಎತ್ತರದಲ್ಲಿ ಹೊಸದಾಗಿ ಕಲಿಯುವುದಿಲ್ಲ, ಕಲಿತೇ ಮೇಲೇರುತ್ತಾನೆ.

ನಮ್ಮ ಸಂಸಾರಗಳಲ್ಲಿಯೂ ಉಸಿರುಗಟ್ಟಿಸುವ ಎತ್ತರಗಳುಂಟು. ಮಗಳ ಮದುವೆಯ ಮಾತುಕತೆ ನಡೆದಿರುವಾಗ ಸಾಲದ ಮಿತಿ ಮರೆತುಹೋಗುತ್ತದೆ. ಹೊಲದ ಪಾಲಿನ ವ್ಯಾಜ್ಯ ಬಿಸಿಯೇರಿದಾಗ ಒಡಹುಟ್ಟಿದವನ ಮುಖ ಕಾಣದಾಗುತ್ತದೆ. ಹಾಸಿಗೆ ಹಿಡಿದ ತಾಯಿಯ ಆರೈಕೆ ವರ್ಷಗಟ್ಟಲೆ ಎಳೆದಾಗ ಪ್ರೀತಿಯೂ ದಣಿಯುತ್ತದೆ. ಎಲ್ಲಿ ನಿಲ್ಲಬೇಕು, ಯಾರನ್ನು ಕೈಬಿಡಬಾರದು ಎಂಬುದನ್ನು ಆ ಗಳಿಗೆಯಲ್ಲಿ ಯೋಚಿಸುವೆವೆಂದರೆ ಆಗದು. ಮನಸ್ಸು ತಿಳಿಯಾಗಿರುವಾಗಲೇ, ಮನೆಮಂದಿ ಜೊತೆಗೂಡಿ ಪ್ರಾರ್ಥಿಸುವ ಹೊತ್ತಿನಲ್ಲಿಯೇ ಅದನ್ನು ನಿರ್ಧರಿಸಬೇಕು.

ಕೇವಲ ಉತ್ಸಾಹವು ಸಿದ್ಧತೆಯಲ್ಲ. ಸಾವಿಗೂ ಸಿದ್ಧನೆಂದು ಪೇತ್ರನು ಮಾತು ಕೊಟ್ಟನು. ಗೆತ್ಸೆಮನಿ ತೋಪಿನಲ್ಲಿ ನಿದ್ರಿಸಿದನು. ಅಂಗಳದ ಬೆಂಕಿಯ ಬಳಿ ಪ್ರಭುವನ್ನರಿಯೆನೆಂದನು. ಯೇಸುವಾದರೋ ಅದೇ ತೋಪಿನಲ್ಲಿ ಭಯವನ್ನೂ ಬೆವರನ್ನೂ ತಂದೆಯ ಮುಂದೆ ಮರೆಮಾಚದೆ ಮೂರು ಬಾರಿ ಪ್ರಾರ್ಥಿಸಿ ತಮ್ಮ ಚಿತ್ತವನ್ನು ಒಪ್ಪಿಸಿಕೊಟ್ಟರು. ಹಿಡಿಯುವವರು ಬಂದಾಗ ಅವರು ತಾವಾಗಿಯೇ ಎದ್ದು ಮುಂದೆ ನಡೆದರು.

ನಿಮ್ಮ ಮನೆಯ ಮುಂದಿರುವ ಏರು ಯಾವುದೆಂದು ನೀವೇ ಬಲ್ಲಿರಿ. ಅದು ಆರಂಭವಾಗುವ ಮುನ್ನ, ಒಂದು ಸಂಜೆ ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡಿ.