ಇನ್ನೂ ಬಾರದವನ ಮೇಲಣ ದಯೆ

ನಮ್ಮ ಗುಲ್ವಾಡಿಯ ಕಡೆ ತಿರುವಿನಲ್ಲೊಂದು ಲಾರಿ ಕೆಟ್ಟು ನಿಂತಿತೆಂದರೆ, ಅದರ ಕ್ಲೀನರನು ಮೊದಲು ಮಾಡುವ ಕಾರ್ಯವೆಂದರೆ ಪಕ್ಕದ ಹಾಡಿಗೆ ಹೋಗಿ, ಸೊಪ್ಪುಸಹಿತವಾದ ಗೆಲ್ಲೊಂದನ್ನು ಮುರಿದು ತಂದು, ಗಾಡಿಯ ಹಿಂದೆ ಹತ್ತಿಪ್ಪತ್ತು ಮಾರು ದೂರದಲ್ಲಿ ರಸ್ತೆಯ ಮೇಲಿಡುವುದು. ಶಾಸ್ತ್ರಗ್ರಂಥಗಳ ಪರಿಚಯ ಅವನಿಗಿರಲಾರದು. ಆದರೂ ತಾನು ಕಾಣದ, ತನ್ನನ್ನು ಕಾಣದ, ತಿರುವಿನಾಚೆ ಎಲ್ಲಿಯೋ ಇರುವ ಅಪರಿಚಿತನೊಬ್ಬನ ಕ್ಷೇಮವನ್ನು ಅವನು ಆ ಒಂದು ಕ್ಷಣ ಚಿಂತಿಸಿರುತ್ತಾನೆ. ಇದನ್ನು ಬರಿಯ ಜಾಗರೂಕತೆಯೆಂದು ಕರೆದು ಬಿಟ್ಟುಬಿಡಬೇಕೋ, ಧರ್ಮವೆಂದು ಕರೆಯಬೇಕೋ?

ಕುಂದಾಪುರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮಳೆಗಾಲದ ರಾತ್ರಿ ಅಪಘಾತವೊಂದು ಸಂಭವಿಸಿದಾಗ, ಆ ಶಬ್ದಕ್ಕೆ ಎದ್ದು ಓಡಿಬರುವ ಜನರ ಕರುಣೆಯಲ್ಲಿ ಕೊರತೆಯೇನೂ ಇರುವುದಿಲ್ಲ. 2008ರಲ್ಲಿ ನಮ್ಮ ರಾಜ್ಯದಲ್ಲಿ 108ರ ಆಂಬ್ಯುಲೆನ್ಸ್ ಬಂತು. ನೆರವಾದವನನ್ನೇ ಠಾಣೆಗೂ ಕೋರ್ಟಿಗೂ ಅಲೆಸುವರೆಂಬ ಭಯವನ್ನು, 2016ರಲ್ಲಿ ಸುಪ್ರೀಂ ಕೋರ್ಟು ಅಂಗೀಕರಿಸಿದ ಮಾರ್ಗಸೂಚಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ತಂದ 134ಎ ಕಲಮೂ ಕಾನೂನಿನ ಮಟ್ಟಿಗಾದರೂ ನೀಗಿಸಿವೆ. ಆದರೆ ಓಡಿಬಂದವರೆಲ್ಲರೂ ಬಿದ್ದವನ ಸುತ್ತ, ರಸ್ತೆಯ ನಟ್ಟನಡುವೆ, ಕತ್ತಲಲ್ಲಿ ಬಗ್ಗಿ ನಿಲ್ಲುತ್ತಾರೆ. ಅವರ ಬೆನ್ನ ಹಿಂದೆ ಗಾಡಿಗಳು ಬರುತ್ತಲೇ ಇರುತ್ತವೆ. ಗಂಟೆಗೆ 80 ಕಿಲೋಮೀಟರು ವೇಗದ ಚಾಲಕನು ಎದುರಿನ ಅಪಾಯವನ್ನು ಕಂಡು ಬ್ರೇಕು ಮೆಟ್ಟುವುದಕ್ಕೆ ನಮ್ಮ ರಸ್ತೆಶಾಸ್ತ್ರಜ್ಞರು ಎರಡೂವರೆ ಸೆಕೆಂಡುಗಳನ್ನು ಎಣಿಸುತ್ತಾರೆ. ಅಷ್ಟರಲ್ಲಿಯೇ ಗಾಡಿಯು ಸುಮಾರು 55 ಮೀಟರು ಮುಂದೆ ಬಂದಿರುತ್ತದೆ, ಪೂರ್ಣವಾಗಿ ನಿಲ್ಲಲು 120 ಮೀಟರು ಬೇಕು. ಹತ್ತಿಪ್ಪತ್ತು ಮಾರು ದೂರದ ಆ ಗೆಲ್ಲು ಹೆದ್ದಾರಿಗೆ ಸಾಲದೆಂಬುದು ಇದರಿಂದ ಸ್ಪಷ್ಟ.

ಆದಕಾರಣವೇ ಪೊಲೀಸರಿಗೂ ಅಗ್ನಿಶಾಮಕ ದಳಕ್ಕೂ ಆಂಬ್ಯುಲೆನ್ಸಿನವರಿಗೂ, ಗಾಯವನ್ನು ಮುಟ್ಟುವ ಮೊದಲು ರಸ್ತೆಯನ್ನು ಕಾಯುವ ವಿದ್ಯೆಯೊಂದನ್ನು ಕಲಿಸಬೇಕಾಗಿದೆ. ಅಮೆರಿಕದಲ್ಲಿ 2012ರಿಂದ ಈ ಮೂವರನ್ನೂ, ಕೆಟ್ಟ ಗಾಡಿಯನ್ನು ಎಳೆದೊಯ್ಯುವವರನ್ನೂ ಒಟ್ಟಿಗೆ ಕೂರಿಸಿ ಇದನ್ನು ಕಲಿಸುತ್ತಿದ್ದಾರೆ. ದೊಡ್ಡ ಗಾಡಿಯನ್ನು ಓರೆಯಾಗಿ ನಿಲ್ಲಿಸಿ ಗೋಡೆಯಂತೆ ಮಾಡುವುದು, ರೇಡಿಯಂ ಜಾಕೆಟ್ ತೊಡುವುದು, ದೂರದಿಂದಲೇ ಕೋನುಗಳನ್ನು ಓರೆಸಾಲಿನಲ್ಲಿಟ್ಟು ಸಂಚಾರವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವುದು, ಎದುರಿನವನ ಕಣ್ಣು ಕೋರೈಸುವಷ್ಟು ದೀಪಗಳನ್ನು ಉರಿಸದಿರುವುದು, ಇವೆಲ್ಲ ಅದರ ಪಾಠಗಳು. ಇವುಗಳಲ್ಲಿ ನನ್ನನ್ನು ಬಹಳ ಕಾಲ ಕಾಡಿದ್ದು ಒಂದೇ: ಗುಂಪಿನಲ್ಲೊಬ್ಬನು ಗಾಯಾಳುವಿಗೆ ಬೆನ್ನು ಮಾಡಿ, ಅವನ ನರಳಾಟವನ್ನು ಕೇಳುತ್ತಲೂ ಅತ್ತ ತಿರುಗದೆ, ಬರುವ ಗಾಡಿಗಳನ್ನೇ ನೋಡುತ್ತ ನಿಂತಿರಬೇಕು. ಧಾವಿಸಿ ಕೈಹಿಡಿಯುವವನಿಗೆ ಗಾಯಾಳುವಿನ ಕೃತಜ್ಞ ದೃಷ್ಟಿಯಾದರೂ ದೊರೆಯುತ್ತದೆ. ಬೆನ್ನು ತಿರುಗಿಸಿ ನಿಂತವನಿಗೆ ಅದೂ ಇಲ್ಲ. ಫಲಾಪೇಕ್ಷೆಯಿಲ್ಲದ ಕರ್ಮಕ್ಕೆ ಇದಕ್ಕಿಂತ ಸಮೀಪದ ನಿದರ್ಶನವು ನನಗೆ ತೋರದು.

ಇಲ್ಲಿ ಆಕ್ಷೇಪವೊಂದು ಏಳುವುದು ಸಹಜ. ಪಾರಿವಾಳಕ್ಕಾಗಿ ತೊಡೆಯ ಮಾಂಸವನ್ನು ಕೊಯ್ದುಕೊಟ್ಟ ಶಿಬಿಯನ್ನೂ, ನಾಗಕುಮಾರನಿಗೆ ಬದಲಾಗಿ ಗರುಡನೆದುರು ಮಲಗಿದ ಜೀಮೂತವಾಹನನನ್ನೂ ಕೊಂಡಾಡಿದ ನಾವು, ಮೊದಲು ನಿನ್ನನ್ನು ರಕ್ಷಿಸಿಕೋ ಎಂಬ ಪಾಠವನ್ನು ಹೇಗೆ ಒಪ್ಪುವುದು? ಕಾಳಿದಾಸನ ಕುಮಾರಸಂಭವದಲ್ಲಿ, ಘೋರ ತಪಸ್ಸಿನಿಂದ ಬಳಲಿದ ಪಾರ್ವತಿಗೆ ವಟುವೇಷದ ಶಿವನು ಧರ್ಮಸಾಧನೆಯಲ್ಲಿ ದೇಹಕ್ಕಿರುವ ಸ್ಥಾನವನ್ನು ನೆನಪಿಸಿಕೊಡುತ್ತಾನಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ನನಗೆ ಅಷ್ಟು ಸಾಲದು. ದೇಹವನ್ನು ಉಳಿಸಿಕೊಳ್ಳುವ ಹೇಡಿಗೂ ಅದೇ ಮಾತು ಒದಗಿಬರುತ್ತದೆ. ಜೀಮೂತವಾಹನನ ಎದುರಿಗಿದ್ದ ಗರುಡನು ಹಸಿದಿದ್ದನು, ಆಹಾರವನ್ನು ಅರಸಿಯೇ ಬಂದಿದ್ದನು. ಹೆದ್ದಾರಿಯಲ್ಲಿ ಬರುವ ಚಾಲಕನು ಯಾರ ಬಲಿಯನ್ನೂ ಬೇಡಿದವನಲ್ಲ, ಮನೆಗೆ ಹೋಗುತ್ತಿರುವವನು. ಎಚ್ಚರಿಕೆಯ ಗುರುತೊಂದನ್ನೂ ಇಡದೆ ಕತ್ತಲಲ್ಲಿ ನಿಂತ ಪರೋಪಕಾರಿಯು ತನ್ನ ಪ್ರಾಣವನ್ನು ಮಾತ್ರ ಪಣಕ್ಕೊಡ್ಡಿರುವುದಿಲ್ಲ, ಆ ನಿರಪರಾಧಿಯನ್ನು ಕೊಲೆಗಾರನನ್ನಾಗಿಸುವ ಸಾಧ್ಯತೆಯನ್ನೂ ರಸ್ತೆಯ ಮೇಲಿಟ್ಟಿರುತ್ತಾನೆ. ಹಾಗೆ ಮಾಡುವ ಅಧಿಕಾರವು ಯಾವ ತ್ಯಾಗಿಗೂ ಇಲ್ಲವೆಂದು ನನ್ನ ನಿರ್ಣಯ.

ಈ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು. 1899ರಲ್ಲಿ ಪ್ರಕಟವಾದ ತಮ್ಮ ‘ಇಂದಿರಾಬಾಯಿ’ ಕಾದಂಬರಿಗೆ ಅವರು ‘ಸದ್ಧರ್ಮ ವಿಜಯ’ವೆಂಬ ಇನ್ನೊಂದು ಹೆಸರನ್ನೂ ಇಟ್ಟರು. ಧರ್ಮವೆಂದಷ್ಟೇ ಹೇಳಿ ಮುಗಿಸದೆ ಸದ್ಧರ್ಮವೆಂದರಲ್ಲ, ವೇಷದ ಭಕ್ತಿಯನ್ನು ಹತ್ತಿರದಿಂದ ಕಂಡವರು ಹಾಗೆಯೇ ಬರೆದಾರು. ಅಪಘಾತದ ಸ್ಥಳದಲ್ಲಿಯೂ ಕಣ್ಣಿಗೆ ಕಾಣುವ ದಯೆ ಬೇರೆ, ಕೆಲಸಕ್ಕೆ ಬರುವ ದಯೆ ಬೇರೆ. ಹೊಳೆದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೊಸ ಮಾತೂ ಅಲ್ಲ. ಮುಳುಗುವವನ ಕಡೆಗೆ ಹಗ್ಗವಿಲ್ಲದೆ ಹಾರಿದವನ ಕಥೆ ನಮ್ಮಲ್ಲಿ ಯಾರಿಗೆ ತಿಳಿಯದು?

ಕ್ಲೀನರನ ಆ ಗೆಲ್ಲಿನ ಕುರಿತು ಇನ್ನೊಂದು ಮಾತು ಉಳಿದಿದೆ. ಲಾರಿ ಸರಿಹೋದ ಬಳಿಕ ಅವನು ಹೊರಟುಹೋಗುತ್ತಾನೆ; ಗೆಲ್ಲು ಹಾರದಿರಲೆಂದು ಹೇರಿದ ಕಲ್ಲುಗಳು ಅಲ್ಲಿಯೇ ಇರುತ್ತವೆ, ಮತ್ತು ಆ ರಾತ್ರಿ ಬೈಕಿನಲ್ಲಿ ಬರುವವನಿಗೆ ಅವೇ ಮೃತ್ಯುವಾಗಬಹುದು. ಗಾಯಾಳುವನ್ನು ಸಾಗಿಸಿದೊಡನೆ ಗಾಜನ್ನು ಗುಡಿಸಿ, ಕೋನುಗಳನ್ನು ತೆಗೆದು, ದಾರಿಯನ್ನು ಮೊದಲಿನಂತೆ ಬಿಟ್ಟುಕೊಡುವುದೂ ಆ ವಿದ್ಯೆಯ ಪಾಠವೇ ಆಗಿದೆ. ಓದುಗ ಮಹನೀಯರೇ, ನೀವು ಎಂದಾದರೂ ಅಂತಹ ಸ್ಥಳದಲ್ಲಿ ನೆರವಿಗೆ ನಿಂತಿರಾದರೆ, ಮನೆಗೆ ಮರಳುವ ಮುನ್ನ ದಯವಿಟ್ಟು ಆ ಕಲ್ಲುಗಳನ್ನು ಬದಿಗೆ ಸರಿಸಿ ಬನ್ನಿ.