ಸಾರಥಿಯ ಧರ್ಮ

ಧೈರ್ಯವು ಒಂದು ಗುಣವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಒಬ್ಬನ ಧೈರ್ಯಕ್ಕೆ ಇತರರ ಪ್ರಾಣವು ಪಣವಾದಾಗಲೂ ಅದು ಗುಣವಾಗಿಯೇ ಉಳಿಯುವುದೆ ಎಂಬುದು ವಿಚಾರಿಸತಕ್ಕ ಪ್ರಶ್ನೆ. ಇದು ಶಾಸ್ತ್ರಗ್ರಂಥಗಳಲ್ಲಿ ಮಾತ್ರ ಹುಟ್ಟುವ ಪ್ರಶ್ನೆಯಲ್ಲ. 1975ನೆಯ ಇಸವಿ ನವೆಂಬರ್ 29ರ ರಾತ್ರಿ ಇಂಗ್ಲೆಂಡಿನಲ್ಲಿ ನಡೆದ ಒಂದು ವಿಮಾನದುರಂತವು ಇದನ್ನು ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ.

ಗ್ರಹಾಂ ಹಿಲ್ ಎಂಬಾತನು ಮೋಟಾರು ಪಂದ್ಯಗಳಲ್ಲಿ ಲೋಕಪ್ರಸಿದ್ಧನಾದ ಆಂಗ್ಲೇಯ. 1962ರಲ್ಲಿಯೂ 1968ರಲ್ಲಿಯೂ ಅವನು ಫಾರ್ಮುಲಾ ಒನ್ ವಿಶ್ವವಿಜೇತನಾದನು; ಮೊನಾಕೊ ನಗರದ ಇಕ್ಕಟ್ಟಾದ ಬೀದಿಗಳಲ್ಲಿ ನಡೆಯುವ ಪಂದ್ಯವನ್ನು 5 ಸಲ ಗೆದ್ದನು. 1969ರಲ್ಲಿ ಅಮೆರಿಕದ ಪಂದ್ಯವೊಂದರಲ್ಲಿ ಅವನ ಎರಡು ಕಾಲುಗಳೂ ಮುರಿದುವು. ಆದರೂ ಮರುವರ್ಷದ ಮೊದಲನೆಯ ಪಂದ್ಯದಲ್ಲಿಯೇ ಮತ್ತೆ ಕಣಕ್ಕಿಳಿದು 6ನೆಯವನಾಗಿ ಮುಗಿಸಿದನು. 1975ರ ಜುಲೈ ತಿಂಗಳಲ್ಲಿ, ತನ್ನ 46ನೆಯ ವಯಸ್ಸಿನಲ್ಲಿ, ಪಂದ್ಯಗಳಿಂದ ನಿವೃತ್ತನಾಗಿ ತನ್ನದೇ ಆದ ತಂಡವನ್ನು ನಡೆಸುವುದರಲ್ಲಿ ತೊಡಗಿದನು. ಟೋನಿ ಬ್ರೈಸ್ ಎಂಬ 23 ವರ್ಷದ ತರುಣನ ಮೇಲೆ ಆ ತಂಡದ ಆಸೆಯೆಲ್ಲವೂ ನೆಟ್ಟಿದ್ದಿತು.

ಆ ದಿನ ದಕ್ಷಿಣ ಫ್ರಾನ್ಸಿನ ಪಾಲ್ ರಿಕಾರ್ ಪಥದಲ್ಲಿ ಹೊಸ ಕಾರನ್ನು ಪರೀಕ್ಷಿಸಿ ತಂಡದವರು ಸ್ವದೇಶಕ್ಕೆ ಮರಳುತ್ತಿದ್ದರು. ವಾಹನವು ಎರಡು ಎಂಜಿನುಗಳ ಪೈಪರ್ ಆಜ್‌ಟೆಕ್ ಎಂಬ ಸಣ್ಣ ವಿಮಾನ, ನಡೆಸುತ್ತಿದ್ದವನು ಹಿಲ್ಲನೇ. ಬ್ರೈಸನೂ ತಂಡದ ಇತರ ನಾಲ್ವರೂ ಸಂಗಡ ಇದ್ದರು. ಲಂಡನ್ನಿನ ಉತ್ತರಕ್ಕಿರುವ ಎಲ್‌ಸ್ಟ್ರೀ ನಿಲ್ದಾಣದಲ್ಲಿ ಇಳಿಯಬೇಕಾಗಿದ್ದಿತು. ರಾತ್ರಿಯ ವೇಳೆ, ದಟ್ಟವಾದ ಮಂಜು. ನಿಲ್ದಾಣವು ಇನ್ನು ಕೆಲವೇ ಮೈಲಿ ಇರುವಾಗ, ಇಳಿಯುತ್ತ ಬಂದ ವಿಮಾನವು ಆರ್ಕ್ಲಿ ಎಂಬಲ್ಲಿ ಮರಗಳಿಗೆ ತಗುಲಿ ಗಾಲ್ಫ್ ಮೈದಾನದಲ್ಲಿ ಬಿದ್ದು ಉರಿದುಹೋಯಿತು. ಆರು ಜನರಲ್ಲಿ ಒಬ್ಬನೂ ಉಳಿಯಲಿಲ್ಲ.

ವಿಚಾರಣೆ ನಡೆಸಿದವರಿಗೆ ಇಂಥದೇ ಕಾರಣವೆಂದು ಖಂಡಿತವಾಗಿ ಹೇಳಲಾಗಲಿಲ್ಲ. ಆದರೆ ಒಂದು ಸಂಗತಿ ಹೊರಬಿದ್ದಿತು: ವಿಮಾನದ ಮೊದಲಿನ ನೋಂದಣಿ ರದ್ದಾಗಿದ್ದು, ಹೊಸದಾಗಿ ಎಲ್ಲಿಯೂ ನೋಂದಣಿಯಾಗಿರಲಿಲ್ಲ, ಅಂಥ ಹವೆಯಲ್ಲಿ ಹಾರುವುದಕ್ಕೆ ಬೇಕಾದ ಅರ್ಹತಾಪತ್ರದ ಅವಧಿಯೂ ತೀರಿಹೋಗಿದ್ದಿತು. ಇದರಿಂದ ವಿಮೆಯ ರಕ್ಷಣೆಯು ಇಲ್ಲವಾಯಿತು. ಮೃತರ ಕುಟುಂಬದವರು ಪರಿಹಾರಕ್ಕಾಗಿ ಹಿಲ್ಲನ ಆಸ್ತಿಯ ಮೇಲೆಯೇ ದಾವೆ ಹೂಡಬೇಕಾಯಿತು. ಅವನ ಹೆಂಡತಿ ಮಕ್ಕಳು ಬಾಳಿದ ಮನೆಯನ್ನು ಬಿಡಬೇಕಾಯಿತು.

ಇದನ್ನು ಕೇಳಿದೊಡನೆ ಕೆಲವರು, “ಎಲ್ಲವೂ ವಿಧಿ” ಎನ್ನುವರು. ಕೆಲವರು, “ಎಲ್ಲವೂ ಅವನ ತಪ್ಪು” ಎನ್ನುವರು. ಎರಡೂ ಆತುರದ ಮಾತುಗಳು. ಮೊದಲನೆಯದು ಮನುಷ್ಯನ ಹೊಣೆಯನ್ನು ಅಳಿಸಿಬಿಡುತ್ತದೆ. ಎರಡನೆಯದು ಫಲವನ್ನು ನೋಡಿ ಕರ್ಮವನ್ನು ಅಳೆಯುತ್ತದೆ. ಆ ರಾತ್ರಿ ವಿಮಾನವು ಸುಖವಾಗಿ ಇಳಿದಿದ್ದರೆ ಅದೇ ಕಾರ್ಯವನ್ನು ಜನರು ಜಾಣ್ಮೆಯೆಂದು ಕೊಂಡಾಡುತ್ತಿದ್ದರು. ಅವಧಿ ತೀರಿದ ಪತ್ರವನ್ನು ಯಾರೂ ಕೇಳುತ್ತಿರಲಿಲ್ಲ. ಫಲವು ಬದಲಾದ ಮಾತ್ರಕ್ಕೆ ಕರ್ಮದ ಯೋಗ್ಯತೆ ಬದಲಾಗಲಾರದು. ಆದುದರಿಂದ ನೋಡಬೇಕಾದುದು ನೆಲಕ್ಕೆ ಬಿದ್ದ ಗಳಿಗೆಯನ್ನಲ್ಲ, ಅದಕ್ಕಿಂತ ಹಿಂದಿನ ಗಳಿಗೆಗಳನ್ನು.

ವಿಮಾನವನ್ನು ಇಳಿಸುವ ವಿದ್ಯೆಯಲ್ಲಿ ಒಂದು ನಿಯಮವುಂಟು. ಮಂಜಿನಲ್ಲಿ ಗೊತ್ತಾದ ಎತ್ತರದವರೆಗೆ ಮಾತ್ರ ಇಳಿಯಬಹುದು. ಅಷ್ಟರಲ್ಲಿ ನಿಲ್ದಾಣದ ಹಾದಿಯಾಗಲಿ ಅದರ ದೀಪಗಳಾಗಲಿ ಕಾಣದಿದ್ದರೆ ಮತ್ತೆ ಮೇಲಕ್ಕೇರಬೇಕು, ಇಲ್ಲವೆ ಬೇರೊಂದು ನಿಲ್ದಾಣಕ್ಕೆ ಹೋಗಬೇಕು. ಆ ಎತ್ತರವನ್ನು ನೆಲದ ಮೇಲೆ ಕುಳಿತು ಶಾಂತಚಿತ್ತದಿಂದ ಮುಂಚೆಯೇ ಗೊತ್ತುಮಾಡಿರುತ್ತಾರೆ. ಏತಕ್ಕೆಂದರೆ, ಗುರಿಯು ಸಮೀಪಿಸಿದಾಗ ಮನಸ್ಸು ತನಗೆ ಅನುಕೂಲವಾದುದನ್ನೇ ನಂಬುತ್ತದೆ. ತುಂಬಿದ ಹೊಳೆಯ ಆಚೆಯ ದಡದಲ್ಲಿ ಮನೆಯ ದೀಪ ಕಾಣುತ್ತಿರುವಾಗ ಗಾಡಿಯವನಿಗೆ ನೀರಿನ ಆಳವು ತೋರುವುದಿಲ್ಲ. ದೂರದಲ್ಲಿ ಹಿಂತಿರುಗುವುದು ಸುಲಭ; ಹೊಸ್ತಿಲ ಬಳಿಯಲ್ಲಿ ಹಿಂತಿರುಗುವುದು ಕಷ್ಟ.

ಹಿಂತಿರುಗುವುದು ಹೇಡಿತನವಲ್ಲವೆ ಎಂದು ಕೇಳಬಹುದು. ವಿರಾಟನ ಮಗನಾದ ಉತ್ತರನು ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದುದನ್ನು ನೆನೆದು ಮಕ್ಕಳೂ ನಗುತ್ತಾರೆ. ಆದರೆ ಭಾರತದಲ್ಲಿಯೇ ವನಪರ್ವದಲ್ಲಿ ಇನ್ನೊಂದು ಕಥೆಯುಂಟು. ಸಾಲ್ವನು ದ್ವಾರಕೆಯನ್ನು ಮುತ್ತಿದಾಗ ಪ್ರದ್ಯುಮ್ನನು ಬಾಣದ ಪೆಟ್ಟಿನಿಂದ ಮೂರ್ಛೆಹೋದನು. ದಾರುಕನ ಮಗನಾದ ಸಾರಥಿಯು ಒಡನೆಯೇ ರಥವನ್ನು ತಿರುಗಿಸಿ ರಣದಿಂದ ಹೊರಕ್ಕೆ ತಂದನು. ಎಚ್ಚರಗೊಂಡ ಪ್ರದ್ಯುಮ್ನನು ಅವನನ್ನು ಹೊಗಳಲಿಲ್ಲ. ತನ್ನ ಕೀರ್ತಿಗೆ ಕಳಂಕ ತಂದೆಯೆಂದು ಕಟುವಾಗಿ ನಿಂದಿಸಿದನು. ಮೂರ್ಛಿತನಾದ ರಥಿಕನನ್ನು ಕಾಪಾಡುವುದು ಸಾರಥಿಯ ಧರ್ಮವೆಂದು ಅವನು ಉತ್ತರವಿತ್ತನು. ಬಳಿಕ ಅದೇ ರಥದಲ್ಲಿ ರಣಕ್ಕೆ ಮರಳಿ ಪ್ರದ್ಯುಮ್ನನು ಸಾಲ್ವನನ್ನು ಸೋಲಿಸಿದನು. ಬದುಕಿ ಉಳಿದುದರಿಂದಲ್ಲವೆ ಗೆಲ್ಲುವುದು ಸಾಧ್ಯವಾಯಿತು?

ಎರಡು ಕಥೆಗಳಲ್ಲಿಯೂ ಬೆನ್ನು ತಿರುಗಿಸಿದುದುಂಟು. ಉತ್ತರನು ತಿರುಗಿದುದು ತನ್ನ ಪ್ರಾಣಕ್ಕಾಗಿ. ಸಾರಥಿಯು ತಿರುಗಿದುದು ತನ್ನ ವಶದಲ್ಲಿದ್ದ ಪ್ರಾಣಕ್ಕಾಗಿ. ರಥಿಕನ ಧರ್ಮವೇ ಬೇರೆ, ಸಾರಥಿಯ ಧರ್ಮವೇ ಬೇರೆ. ಪಂದ್ಯದ ಕಾರಿನಲ್ಲಿ ಹಿಲ್ಲನು ರಥಿಕನಾಗಿದ್ದನು. ಅಲ್ಲಿ ಪಣವಾಗಿ ಒಡ್ಡಿದುದು ಮುಖ್ಯವಾಗಿ ತನ್ನ ಜೀವವನ್ನೇ. ವಿಮಾನದಲ್ಲಿ ಐವರು ಅವನ ಕೈಯನ್ನು ನಂಬಿ ಕುಳಿತಿದ್ದರು. ಅಲ್ಲಿ ಅವನು ಸಾರಥಿ. ಆ ರಾತ್ರಿ ಅವನ ಮನಸ್ಸಿನಲ್ಲಿ ಏನಿದ್ದಿತೋ ಬಲ್ಲವರಿಲ್ಲ. ಕೇಡನ್ನು ಬಯಸಿದನೆಂದು ಶತ್ರುವೂ ಹೇಳಲಾರನು. ಅವನದು ಪಾಪವಲ್ಲ, ಪ್ರಮಾದ. ಆದರೆ ಪ್ರಮಾದದ ಸಾಲವನ್ನು ತೀರಿಸಿದವರು ಅದನ್ನು ಮಾಡದವರು. ಪತ್ರಗಳೆಂಬುವು ಕೇವಲ ಅಧಿಕಾರಿಗಳ ಕಾಟವೆಂದು ತಿಳಿಯುವವರು ಇದನ್ನು ಗಮನಿಸಬೇಕು. ಅವು ನಂಬಿದವರಿಗೆ ಮೊದಲೇ ಬರೆದುಕೊಟ್ಟ ಮಾತು. ತಾನಿಲ್ಲದ ದಿನದಲ್ಲಿಯೂ ನಡೆಯತಕ್ಕ ಮಾತು.

ವಿಮಾನವನ್ನು ನಡೆಸುವವರು ಕೆಲವರು. ಸಾರಥ್ಯವನ್ನು ವಹಿಸಿದವರು ಮನೆಮನೆಯಲ್ಲಿಯೂ ಇದ್ದಾರೆ. ಮಕ್ಕಳ ಪಾಲಿನ ಹಣವನ್ನು ಸಾಹಸದ ವ್ಯಾಪಾರದಲ್ಲಿ ಹೂಡುವ ಯಜಮಾನನೂ, ರೋಗವು ತನ್ನ ಅರಿವಿಗೆ ಮೀರಿದರೂ ಬೇರೊಬ್ಬನ ಬಳಿಗೆ ಕಳುಹಿಸದ ವೈದ್ಯನೂ ಮಂಜಿನಲ್ಲಿ ಇಳಿಯುತ್ತಿರುವವರೇ. ಅವರಲ್ಲಿ ಧೈರ್ಯದ ಕೊರತೆಯಿಲ್ಲ. ಹಿಂತಿರುಗುವ ಧೈರ್ಯವೊಂದು ಬೇಕು. ಅದಕ್ಕೆ ಜಯಘೋಷವಿಲ್ಲ, ಪ್ರದ್ಯುಮ್ನನ ಸಾರಥಿಗೆ ದೊರೆತಂತೆ ಬೈಗುಳವೇ ದೊರೆಯಬಹುದು. ಆ ರಾತ್ರಿ ತಡವಾಗಿ ಮನೆ ಸೇರಿದ್ದರೆ ಆ ಐವರೂ ಗೊಣಗುತ್ತಿದ್ದರೇನೋ. ಗೊಣಗುವುದಕ್ಕೆ ಬದುಕಿರುತ್ತಿದ್ದರು.