ಯಾರ ಮನಸ್ಸನ್ನು ಯಾವುದಕ್ಕೆ ಒಗ್ಗಿಸುವುದು?

ಉಮ್ಮಚಗಿ ಸುತ್ತಿನ ಯಾವುದೋ ಕೇರಿಯ ಹುಡುಗಿ ಧಾರವಾಡಕ್ಕೆ ಹೋಗಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿದಳು ಅಂತ ಇಟ್ಟುಕೊಳ್ಳೋಣ. ಆಪ್ತಸಮಾಲೋಚಕಿ ಆಗ್ತೀನಿ ಅಂತಾಳೆ. ಆಗಲಿ. ಆದರೆ ಪದವಿ ಕೈಗೆ ಬಂದಮೇಲೂ ಹಿರಿಯರ ಕೈಕೆಳಗೆ ಪಳಗಬೇಕು, ಎಷ್ಟೋ ಕಡೆ ಸಂಬಳವಿಲ್ಲದೆ. ಅವ್ವ ಅಡಿಕೆ ಸುಲಿದ ಕೂಲಿಯಲ್ಲಿ ಓದಿದವಳು ಇನ್ನೂ ಎರಡು ವರ್ಷ ಊಟಕ್ಕೆ ಏನು ಮಾಡಬೇಕು? 'ಸೇವೆ ಅಂದ್ಕೊಂಡು ಮಾಡಮ್ಮ' ಅನ್ನುವವರಿದ್ದಾರೆ. ಸೇವೆ ಅನ್ನೋ ಮಾತು ನಮ್ಮ ಜನಕ್ಕೆ ಹೊಸದಲ್ಲ. ಬಿಟ್ಟಿ ಚಾಕರಿಗೆ ಅದು ಹಳೇ ಹೆಸರು. ಉಳ್ಳವರ ಮಕ್ಕಳು ಈ ಎರಡು ವರ್ಷ ದಾಟ್ತಾರೆ. ನಮ್ಮ ಮಕ್ಕಳು ಹೊಸ್ತಿಲಲ್ಲೇ ಉಳೀತಾರೆ.

ಹೇಗೋ ದಾಟಿದಳು ಅನ್ನಿ. ಆಗ ಎದುರಾಗುವುದೇ ನಿಜವಾದ ಪ್ರಶ್ನೆ. ಹಾಸ್ಟೆಲ್ಲಿನಲ್ಲಿ ಕೂದಲು, ಬಣ್ಣ ಆಡಿಕೊಂಡು ನಕ್ಕರು ಅಂತ ಶಾಲೆ ಬಿಟ್ಟ ಸಿದ್ದಿ ಹುಡುಗ ಅವಳ ಮುಂದೆ ಕೂತಿದ್ದಾನೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಟ್ಟಿಗೆ ಸೇರಿದರೆ ನಗು ನಿಲ್ಲುತ್ತದೆಯೆ? ನಿನ್ನ ಯೋಚನೆ ತಿದ್ದಿಕೋ ಅನ್ನುತ್ತದೆ ಅವಳು ಕಲಿತ ಒಂದು ಪಾಠ. ತಿದ್ದಬೇಕಾದ್ದು ಹುಡುಗನ ಯೋಚನೆಯೋ, ಹಾಸ್ಟೆಲ್ಲಿನ ಬಾಯಿಯೋ?

ಫ್ರಾಂಟ್ಜ್ ಫ್ಯಾನನ್ ಎಂಬ ಕಪ್ಪು ಮನೋವೈದ್ಯ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಯಲ್ಲಿ ಇದೇ ಇಕ್ಕಟ್ಟಿಗೆ ಸಿಕ್ಕಿದ್ದ. ತನ್ನ ನೆಲದಲ್ಲೇ ಪರಕೀಯನಾದವನನ್ನು ಯಾವ ಲೋಕಕ್ಕೆ ಒಗ್ಗಿಸಿ ಕಳಿಸಲಿ ಅಂತ ಕೇಳಿ 1956ರಲ್ಲಿ ರಾಜೀನಾಮೆ ಕೊಟ್ಟ. ನಮ್ಮ ಹುಡುಗಿಗೆ ರಾಜೀನಾಮೆ ಕೊಡಲಿಕ್ಕೂ ಒಂದು ಹುದ್ದೆ ಬೇಕಲ್ಲ!

ಹಾಗಂತ ಹುಡುಗನ ಸಂಕಟವನ್ನು ನಾವು ಕರಪತ್ರ ಮಾಡಿಕೊಂಡರೆ ಅದೂ ಅವನನ್ನು ಬಳಸಿಕೊಂಡ ಹಾಗೇ. ಅವನಿಗೆ ರಾತ್ರಿ ನಿದ್ದೆ ಬರಬೇಕು; ಕ್ರಾಂತಿ ಆಗೋವರೆಗೆ ಕಾಯೋ ಅನ್ನುವ ಹಕ್ಕು ನಮಗಿಲ್ಲ. ಅವಳು ಅವನ ಮಾತು ಕೇಳಲಿ, ಗುಟ್ಟು ಕಾಯಲಿ, ತಪ್ಪು ನಿನ್ನದಲ್ಲ ಅಂತ ಬಾಯಿಬಿಟ್ಟು ಹೇಳಲಿ. ಅವನು ಒಪ್ಪಿದರೆ ಹಾಸ್ಟೆಲ್ ವಾರ್ಡನ್ ಹತ್ತಿರವೂ ಹೋಗಲಿ. ಕೋಣೆಯಿಂದ ಹೊರಗೆ ಕಾಲಿಡೋದು ವೃತ್ತಿಧರ್ಮಕ್ಕೆ ದೂರ ಅನ್ನುವವರ ಮಾತು ನಮಗೆ ಒಪ್ಪಿಗೆಯಿಲ್ಲ.

ಗುಟ್ಟು ಕಾಯೋದೂ ಸುಲಭವಲ್ಲ. ಯಾರು ಯಾವ ಬಾಗಿಲಿಗೆ ಹೋದರು ಅಂತ ಹಳ್ಳಿಯಲ್ಲಿ ಸಂಜೆಯೊಳಗೆ ಎಲ್ಲರಿಗೂ ಗೊತ್ತು. 2022ರಲ್ಲಿ ಶುರುವಾದ ಟೆಲಿ ಮಾನಸ್, 14416, ಇದಕ್ಕೆ ಸ್ವಲ್ಪ ದಾರಿ. ಕಾಡೊಳಗೆ ಸಿಗ್ನಲ್ ಸಿಕ್ಕರೆ! ಸರ್ಕಾರಿ ಮಾನಸಿಕ ಚಿಕಿತ್ಸೆ ಪ್ರತಿಯೊಬ್ಬರ ಹಕ್ಕು ಅಂತ 2017ರ ಕಾಯ್ದೆ ಹೇಳಿದೆ. ಹಾಗಿದ್ದಮೇಲೆ ತಾಲ್ಲೂಕು ಆಸ್ಪತ್ರೆಯಲ್ಲಿ ಅವಳಿಗೆ ಕಾಯಂ ಹುದ್ದೆ, ತಿಂಗಳ ಸಂಬಳ, ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಕೇಳೋಣ.

ಆ ಕೋಣೆಗೆ ನಾಳೆ ತೋಟದ ಒಡೆಯರ ಮನೆಯವರೂ ನಿದ್ದೆಗೆಟ್ಟು ಬರಬಹುದು. ಅವಳು ಕೇಳಬೇಕು, ಕೇಳ್ತಾಳೆ. ಅವ್ವ ಯಾರ ಅಂಗಳದಲ್ಲಿ ಕೂತು ಅಡಿಕೆ ಸುಲಿದಳೋ ಆ ಮನೆಯವರು, ಮಗಳ ಎದುರು ಕುರ್ಚಿಯಲ್ಲಿ ಕೂತು ಬಾಯಿ ಬಿಡ್ತಾರೆಯೆ?